ಒಂದೇ ಗಾಜಿನೊಳಗೆ ಏಳು ಮೀನು

“ಬುದ್ಧಿ, ಜಗಳವಾಡುವ ಇಬ್ಬರಲ್ಲಿ ಕೆಟ್ಟವನು ಯಾರೆಂದು ತಿಳಿಯುವುದು ಹೇಗೆ?” ಎಂದು ನಿರ್ವಾಣಯ್ಯ ಗುರುಗಳನ್ನು ಕೇಳಿದ.

ಆಶ್ರಮದಲ್ಲಿ ಸಾಧಕರ ವಸತಿಯನ್ನು ನೋಡಿಕೊಳ್ಳುವ ಹೊಣೆ ಅವನದು. ಒಂದೇ ಕೋಣೆಯಲ್ಲಿದ್ದ ಇಬ್ಬರು ಸಾಧಕರು ಎರಡು ತಿಂಗಳಿಂದ ಕಚ್ಚಾಡುತ್ತಿದ್ದರು. ಹಿಂದಿನ ದಿನ ಒಬ್ಬನು ಇನ್ನೊಬ್ಬನ ಹಾಸಿಗೆಯನ್ನು ಅಂಗಳಕ್ಕೆ ಎಸೆದಿದ್ದ. ಇಬ್ಬರಲ್ಲಿ ಒಬ್ಬನನ್ನು ಆಶ್ರಮದಿಂದ ಕಳುಹಿಸದೆ ಬೇರೆ ದಾರಿಯಿಲ್ಲವೆಂದು ನಿರ್ವಾಣಯ್ಯನಿಗೆ ತೋರಿತ್ತು. ಯಾರನ್ನು ಕಳುಹಿಸಬೇಕೆಂಬುದು ತಿಳಿಯದೆ ಅವನಿಗೆ ಊಟ ಸೇರಿರಲಿಲ್ಲ.

ಗುರುಗಳು ಅವನನ್ನು ಕುಳಿತುಕೊಳ್ಳಲು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಮರುಳಪ್ಪನೆಂಬ ಔಷಧದ ವ್ಯಾಪಾರಿ ಇದ್ದ. ಅವನ ಹೆಂಡತಿ ಸರ್ವಮಂಗಳೆ. ಅವಳಿಗೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ಇಳಿದುಹೋಗಿತ್ತು. ಮೂರನೆಯ ಸಲ ಗರ್ಭ ನಿಂತಾಗ, ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಕೂಡದೆಂದು ವೈದ್ಯರು ಹೇಳಿದರು. ಅವಳು ಮಲಗಿದಳು. ದಿನವಿಡೀ ಎದುರಿನ ಗೋಡೆಯನ್ನು ನೋಡುತ್ತಿದ್ದಳು.

ಅವಳಿಗೆ ನೋಡಲು ಏನಾದರೂ ಇರಲೆಂದು ಮರುಳಪ್ಪ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ತಂದು ಮಂಚದ ಎದುರಿಗೆ ಇರಿಸಿದ. ಪಟ್ಟಣಕ್ಕೆ ಹೋಗಿ ಅದಕ್ಕೆ ಮೀನು ಆರಿಸಿದ. ಬೆಳ್ಳಿಯ ಬಣ್ಣದ ಏಂಜೆಲ್ ಎರಡು, ಆಫ್ರಿಕಾದ ಸರೋವರದ ಹಳದಿ ಮೀನು ಎರಡು, ಕಪ್ಪು ಪಟ್ಟೆಯ ಮೀನು ಒಂದು ಜೋಡಿ, ಕಿತ್ತಳೆ ಮಚ್ಚೆಯ ಆಸ್ಕರ್ ಒಂದು. ಏಳೂ ಬೆರಳುದ್ದದವು. ಏಳೂ ಸಿಕ್ಲಿಡ್ ಎಂಬ ಒಂದೇ ಕುಲದವು, ಅಣ್ಣತಮ್ಮಂದಿರಂತೆ ಇರುತ್ತವೆ ಎಂದು ಅಂಗಡಿಯವನು ಹೇಳಿದ. ಮರುಳಪ್ಪ ಅದನ್ನು ನಂಬಿದ.

ಒಂದು ತಿಂಗಳು ಹಾಗೆಯೇ ಇದ್ದವು. ಸರ್ವಮಂಗಳೆಯ ಮುಖದಲ್ಲಿ ಗೆಲುವು ಬಂತು. ಯಾವ ಮೀನು ಯಾವಾಗ ಏನು ಮಾಡಿತೆಂದು ಗಂಡ ಮನೆಗೆ ಬಂದ ಕೂಡಲೇ ಹೇಳತೊಡಗಿದಳು. ಮದುವೆಯಾದ ಮೇಲೆ ಅವಳು ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

ಆಮೇಲೆ ಪಟ್ಟೆಯ ಜೋಡಿ ತೊಟ್ಟಿಯ ತಳದಲ್ಲಿದ್ದ ಮಣ್ಣಿನ ಕುಂಡದೊಳಗೆ ಮೊಟ್ಟೆಯಿಟ್ಟಿತು. ಅಂದಿನಿಂದ ಆ ಎರಡೂ ಉಳಿದೆಲ್ಲವನ್ನೂ ಅಟ್ಟಾಡಿಸಿ ಒಂದು ಮೂಲೆಗೆ ದೂಡಿದವು. ಒಂದು ಬೆಳಿಗ್ಗೆ ಏಂಜೆಲ್‌ಗಳಲ್ಲಿ ಒಂದು ರೆಕ್ಕೆ ಹರಿದು ಸತ್ತು ತೇಲುತ್ತಿತ್ತು. ಮರುಳಪ್ಪ ನೋಡುವ ಮೊದಲೇ ಸರ್ವಮಂಗಳೆ ಅದನ್ನು ನೋಡಿದ್ದಳು. ಅವಳು ಅಳಲಿಲ್ಲ.

“ರೀ, ನನ್ನ ಕಣ್ಣೆದುರಿಗೆ ಯಾವ ಜೀವವೂ ಉಳಿಯುವುದಿಲ್ಲ” ಎಂದಳು.

ಮರುಳಪ್ಪನಿಗೆ ಆ ಮಾತು ಎದೆಗೆ ನಾಟಿತು. ಮೊಟ್ಟೆಗಳನ್ನು ಅಷ್ಟರಲ್ಲಿ ಬೇರೆ ಮೀನುಗಳು ತಿಂದು ಮುಗಿಸಿದ್ದವು. ಅವನು ಸಿಟ್ಟಿನಿಂದ ಪಟ್ಟೆಯ ಜೋಡಿಯನ್ನು ಕುಂಡದ ಸಮೇತ ಎತ್ತಿ, ಹಿತ್ತಲ ಜಗುಲಿಯಲ್ಲಿದ್ದ ಪ್ಲಾಸ್ಟಿಕ್ ಟಬ್ಬಿಗೆ ಹಾಕಿದ. ಇವೇ ದುಷ್ಟ ಮೀನುಗಳು, ಇನ್ನು ಶಾಂತಿ ನೆಲೆಸುತ್ತದೆ ಎಂದುಕೊಂಡ.

ಮೂರು ದಿನ ಶಾಂತಿ ಇತ್ತು. ನಾಲ್ಕನೆಯ ದಿನ ಹಳದಿ ಮೀನುಗಳು ಅಟ್ಟತೊಡಗಿದವು. ಹಸಿವಿನಿಂದ ಹೀಗೆ ಮಾಡುತ್ತಿವೆಯೆಂದು ತಿಳಿದು ಅವನು ಹೆಚ್ಚು ಆಹಾರ ಹಾಕಿದ. ನೀರು ಕದಡಿತು. ಆಸ್ಕರ್ ಮಾತ್ರ ತಿಂದು ತಿಂದು ಬೆಳೆಯಿತು. ಉಳಿದಿದ್ದ ಏಂಜೆಲ್ ನೀರಿನ ಮೇಲ್ಭಾಗದ ಮೂಲೆಯೊಂದಕ್ಕೆ ಅಂಟಿಕೊಂಡು ನಿಂತಿತು. ತಿನ್ನುವುದನ್ನು ಬಿಟ್ಟಿತು. ಸರ್ವಮಂಗಳೆಯೂ ಸರಿಯಾಗಿ ಉಣ್ಣುತ್ತಿರಲಿಲ್ಲ.

ತೊಟ್ಟಿಯನ್ನೇ ಹೊರಗೆ ಸಾಗಿಸುತ್ತೇನೆಂದು ಮರುಳಪ್ಪ ಹೇಳಿದ. ಅವಳು ಬೇಡವೆಂದಳು. ಕಾಣದ ಕಡೆ ಸತ್ತರೂ ತನಗೆ ಗೊತ್ತಾಗುತ್ತದೆ ಎಂದಳು. ಅವನು ಅಂಗಡಿಯಲ್ಲಿ ಕುಳಿತರೂ ಆ ಒಂದು ಮೀನನ್ನೇ ಯೋಚಿಸುತ್ತಿದ್ದ. ಅದು ಸತ್ತರೆ ಹೆಂಡತಿಗೆ ಏನು ಹೇಳುವುದೆಂದು ಅವನಿಗೆ ತೋಚಲಿಲ್ಲ.

ಆ ಊರಿನಲ್ಲಿ ಗಫಾರ್ ಸಾಹೇಬರೆಂಬ ಹಿರಿಯರಿದ್ದರು. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಮನೆಯ ಹಿಂದೆ ಸಿಮೆಂಟಿನ ತೊಟ್ಟಿಗಳಲ್ಲಿ ಮೀನು ಸಾಕುತ್ತಿದ್ದರು. ಮರುಳಪ್ಪ ಅವರನ್ನು ಮನೆಗೆ ಕರೆತಂದ. ಸಾಹೇಬರು ಒಂದು ಸ್ಟೂಲು ಎಳೆದುಕೊಂಡು ಗಾಜಿನ ಮುಂದೆ ಅರ್ಧ ಗಂಟೆ ಮೀನುಗಳನ್ನು ನೋಡುತ್ತ ಕುಳಿತರು. ಯಾವ ಮೀನು ದುಷ್ಟ, ಯಾವುದನ್ನು ತೆಗೆಯಲಿ ಎಂದು ಮರುಳಪ್ಪ ಎರಡು ಸಲ ಕೇಳಿದ. ಅವರು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ, ಇವನ್ನು ಏನು ನೋಡಿ ಆರಿಸಿದಿರಿ ಎಂದು ಕೇಳಿದರು. ಬಣ್ಣ ನೋಡಿ ಆರಿಸಿದೆನೆಂದು ಅವನು ಹೇಳಿದ.

ಆಗ ಸಾಹೇಬರು ಒಂದೊಂದನ್ನೇ ತೋರಿಸಿ ವಿವರಿಸಿದರು. ಏಂಜೆಲ್ ಮೆದು ನೀರಿನ ನದಿಯ ಮೀನು, ನಿಧಾನದ್ದು. ಹಳದಿಯದು ಗಡಸು ನೀರಿನ ಸರೋವರದ್ದು, ಕಲ್ಲುಸಂದಿಗಾಗಿ ಹೋರಾಡುತ್ತಲೇ ಬದುಕುವ ವಂಶ. ಆಸ್ಕರ್ ತಂದಾಗ ಬೆರಳುದ್ದವಿದ್ದರೂ ಗೇಣು ಮೀರಿ ಬೆಳೆಯುತ್ತದೆ, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಮೀನನ್ನು ತರುವ ಮೊದಲು ಅದು ಯಾವ ನೀರಿನದು, ಎಷ್ಟು ಬೆಳೆಯುತ್ತದೆ, ಮರಿ ಮಾಡುವಾಗ ಎಷ್ಟು ಜಾಗ ತನ್ನದೆನ್ನುತ್ತದೆ ಎಂದು ಕೇಳಬೇಕು. ಕುಲ ಒಂದೇ ಆದರೂ ಬದುಕು ಒಂದೇ ಅಲ್ಲ ಎಂದರು.

ಪಟ್ಟೆಯ ಜೋಡಿ ಎಲ್ಲಿ ಎಂದು ವಿಚಾರಿಸಿದರು. ಮರುಳಪ್ಪ ಹಿತ್ತಲಿಗೆ ಕರೆದೊಯ್ದ. ಅವುಗಳಿಗೆ ಆಹಾರ ಹಾಕುತ್ತಿದ್ದನೇ ಹೊರತು ಅವನು ಎಂದೂ ಬಗ್ಗಿ ನೋಡಿರಲಿಲ್ಲ. ಸಾಹೇಬರು ನೋಡಿದರು. ಟಬ್ಬಿನ ಒಂದು ಕಡೆ ಹಿಡಿದು, ಇನ್ನೊಂದು ಕಡೆ ಹಿಡಿಯಲು ಅವನಿಗೆ ಸನ್ನೆ ಮಾಡಿದರು. ಇಬ್ಬರೂ ಅದನ್ನು ಹೊತ್ತು ತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇರಿಸಿದರು.

ಸರ್ವಮಂಗಳೆ ದಿಂಬಿನಿಂದ ತಲೆ ಎತ್ತಿ ನೋಡಿದಳು. ಜೋಡಿ ಟಬ್ಬಿನಲ್ಲಿ ಮತ್ತೆ ಮೊಟ್ಟೆಯಿಟ್ಟಿತ್ತು. ಕುಂಡದ ಸುತ್ತ ಸಾಸಿವೆಯಷ್ಟು ದೊಡ್ಡ ಮರಿಗಳು, ನೂರಕ್ಕೂ ಹೆಚ್ಚು. ತಾಯಿ ಕೆಳಗೆ ನಿಂತಿತ್ತು. ತಂದೆ ಸುತ್ತು ಹಾಕುತ್ತಿತ್ತು. ದೂರ ಸರಿದ ಒಂದು ಮರಿಯನ್ನು ತಾಯಿ ಬಾಯಲ್ಲಿ ಎತ್ತಿ ತಂದು ಗುಂಪಿನೊಳಗೆ ಬಿಟ್ಟಿತು.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, ಸತ್ತ ಮೀನು ತನಗೆ ಅಪಶಕುನವಲ್ಲವೇ ಎಂದು ಮೆಲ್ಲಗೆ ಕೇಳಿದಳು.

“ಅಲ್ಲಮ್ಮ. ಜಾಗದ ಅಳತೆ ತಪ್ಪಿತ್ತು, ಅಷ್ಟೇ” ಎಂದರು ಸಾಹೇಬರು. “ನಿಮ್ಮಿಂದಲೂ ಆದದ್ದಲ್ಲ, ಈ ತಾಯಿಯಿಂದಲೂ ಆದದ್ದಲ್ಲ.”

ಆಗ ಅವಳಿಗೆ ಅಳು ಬಂತು. ತಿಂಗಳುಗಳಿಂದ ತಡೆದದ್ದೆಲ್ಲ ಹರಿದುಹೋಗುವಂತೆ ಅತ್ತಳು. ಅತ್ತು ಮುಗಿದ ಮೇಲೆ ಹಸಿವು ಎಂದಳು. ಮರುಳಪ್ಪ ಅಡುಗೆಮನೆಗೆ ಓಡಿ, ಮಜ್ಜಿಗೆ ಅನ್ನ ಕಲಸಿ ತಂದ. ಅವಳು ಬಟ್ಟಲು ಬರಿದು ಮಾಡಿ ಮಧ್ಯಾಹ್ನವೆಲ್ಲ ನಿದ್ರೆ ಮಾಡಿದಳು.

ಸಾಹೇಬರು ಆಸ್ಕರನ್ನು ತಮ್ಮ ಮನೆಯ ದೊಡ್ಡ ತೊಟ್ಟಿಗೆ ಒಯ್ದರು. ಹಳದಿ ಮೀನುಗಳು ಗಡಸು ನೀರಿನ, ಕಲ್ಲು ತುಂಬಿದ ಇನ್ನೊಂದು ತೊಟ್ಟಿಗೆ ಹೋದವು. ಪಟ್ಟೆಯ ಸಂಸಾರ ಟಬ್ಬಿನಲ್ಲೇ ಉಳಿಯಿತು. ಏಂಜೆಲ್ ಇದ್ದ ತೊಟ್ಟಿಯ ನೀರನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಬದಲಿಸಿದರು. ವಾರ ಕಳೆದ ಮೇಲೆ ಸಾಹೇಬರು ಕಂದು ಬಣ್ಣದ ಎರಡು ಸಿಕ್ಲಿಡ್ ತಂದು ಅದರ ಜೊತೆಗೆ ಬಿಟ್ಟರು. ನೋಡಲು ಅಂಥ ಚೆಲುವಿನವಲ್ಲ. ಆದರೆ ಅದೇ ನೀರಿನವು, ಸಾಧು, ಹೆಚ್ಚು ಬೆಳೆಯುವುದಿಲ್ಲ. ಮೂರನೆಯ ದಿನ ಏಂಜೆಲ್ ಮೂಲೆ ಬಿಟ್ಟು ತೊಟ್ಟಿಯ ನಡುವಿಗೆ ಬಂದು ಆಹಾರ ತಿಂದಿತು. ಸರ್ವಮಂಗಳೆ ಗಂಡನ ಅಂಗಡಿಗೆ ಫೋನ್ ಮಾಡಿ ಅದನ್ನು ಹೇಳಿದಳು. ಗಿರಾಕಿಗಳು ನಿಂತಿದ್ದಂತೆಯೇ ಮರುಳಪ್ಪ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಒರಗಿ ಕುಳಿತ.

ತಿಂಗಳು ತುಂಬಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯನ ಎದೆಯ ಮೇಲಿನ ಭಾರ ಇಳಿದಿತ್ತು. ಯಾರನ್ನೂ ಕಳುಹಿಸಬೇಕಾಗಿಲ್ಲ, ಯಾರೂ ಕೆಟ್ಟವರಲ್ಲ. ಅವನು ನಗುತ್ತ ಎದ್ದು ಗುರುಗಳಿಗೆ ನಮಸ್ಕರಿಸಿದ. ಹಾಗಾದರೆ ಈ ಜಗಳದಲ್ಲಿ ಯಾರ ತಪ್ಪೂ ಇಲ್ಲ ಎಂದು ಸಮಾಧಾನದಿಂದ ಹೇಳಿದ.

“ಅವರಿಬ್ಬರಿಗೂ ಒಂದೇ ಕೋಣೆ ಕೊಡುವಾಗ ನೀನು ಏನು ನೋಡಿದ್ದೆ, ನಿರ್ವಾಣಯ್ಯ?” ಎಂದರು ಗುರುಗಳು.

ನಿರ್ವಾಣಯ್ಯ ಮತ್ತೆ ಕುಳಿತುಕೊಂಡ.