ಖಾಲಿ ಡಬ್ಬದ ಹೊಳಪು

ತನ್ನ ಇಂಧನವೆಲ್ಲ ಉರಿದುಹೋದಾಗ ರಾಕೆಟ್ಟಿನ ಕೆಳಹಂತವು ಮೇಲ್ಹಂತವನ್ನು ಕೇಳಿತು: "ತಮ್ಮಾ, ಇನ್ನೂ ಸ್ವಲ್ಪ ದೂರ ಜೊತೆಗೆ ಬರಲೇ?"

"ಖಾಲಿ ಡಬ್ಬ ಹೊತ್ತುಕೊಂಡು ಕಕ್ಷೆ ಮುಟ್ಟಲು ಆಗುವುದಿಲ್ಲಣ್ಣ," ಎಂದು ಮೇಲ್ಹಂತ ಅದನ್ನು ಕಳಚಿ ಕಡಲಿಗೆ ಬೀಳಿಸಿತು.

ಕಕ್ಷೆ ಮುಟ್ಟಿದೊಡನೆ, ಮೇಲ್ಹಂತದ ನೆತ್ತಿಯ ಮೇಲೆ ಕೂತು ಬಂದಿದ್ದ ಪುಟ್ಟ ಉಪಗ್ರಹ, "ಈಗ ನೀನೂ ಖಾಲಿ ಡಬ್ಬವೇ," ಎಂದು ಕಳಚಿಕೊಂಡಿತು.

ಸಂಜೆ ಊರವರು ಅಂಗಳಕ್ಕಿಳಿದು, ಮೇಲ್ಹಂತದ ಹೊಳೆಯುವ ಮೈ ಕಂಡು, "ಅಗೋ, ಉಪಗ್ರಹ!" ಎಂದು ಕುಣಿದಾಡಿದರು. ನಿಜವಾದ ಉಪಗ್ರಹ ಕಣ್ಣಿಗೆ ಕಾಣದಷ್ಟು ಚಿಕ್ಕದಿತ್ತು.

"ನಿನ್ನ ಹತ್ತಿರ ರೇಡಿಯೊ ಇದೆ," ಎಂದಿತು ಮೇಲ್ಹಂತ. "ಹೊಳೆಯುತ್ತಿರುವುದು ಖಾಲಿ ಡಬ್ಬ, ಹೊತ್ತು ತಂದವನು ಕಡಲಲ್ಲಿದ್ದಾನೆ ಎಂದು ಹೇಳು."

"ನನಗೆ ಬೀಪ್ ಎನ್ನುವುದನ್ನಷ್ಟೇ ಕಲಿಸಿದ್ದಾರೆ," ಎಂದ ಉಪಗ್ರಹ, ಬೀಪ್ ಎಂದಿತು. ಕೆಳಗೆ ಜನ ಚಪ್ಪಾಳೆ ತಟ್ಟಿದರು.