ಉಪ್ಪು ಕೊಳ್ಳುವ ಹಕ್ಕು

"ನನ್ನ ಹೊಟ್ಟೆ ತುಂಬಿದರೆ ಊರಿನ ಹೊಟ್ಟೆ ತುಂಬಿದ ಹಾಗೆ, ಮಹಾಪ್ರಭು," ಎಂದು ಕೇತಿಸೆಟ್ಟಿ ಹಿರೇಬಾಗಿಲಿನ ಆಸ್ಥಾನದಲ್ಲಿ ಹೊಟ್ಟೆ ಸವರಿಕೊಂಡ. "ನಾನು ಉಪ್ಪು ತರುವುದು ಲಾಭಕ್ಕೆ, ಜನರ ಮೇಲಿನ ಪ್ರೀತಿಗಲ್ಲ. ಆದರೂ ಊರಿಗೆ ಉಪ್ಪು ಸಿಗುತ್ತದೆ. ಸ್ವಾರ್ಥವೇ ಊರನ್ನು ಸಾಕುವ ತಾಯಿ."

ರಾಜ ಸಿಂಗರಸನಿಗೆ ಹೊಸ ಮಾತು ಕಿವಿಗೆ ಬಿದ್ದರೆ ಸಾಕು, ತಲೆ ತಾನಾಗಿ ತೂಗುತ್ತಿತ್ತು. "ಭೇಷ್ ಸೆಟ್ಟಿ. ಏನು ಬೇಕು ಕೇಳು."

"ಊರಿನಲ್ಲಿ ಉಪ್ಪು ಮಾರುವ ಹಕ್ಕು ನನಗೊಬ್ಬನಿಗೇ ಇರಲಿ. ತಾಯಿ ಒಬ್ಬಳಿದ್ದರೆ ಸಾಲದೇ?"

ಅಂದೇ ತಾಮ್ರದ ಶಾಸನ ಬರೆಸಿಕೊಟ್ಟದ್ದಾಯಿತು. ಹಿರೇಬಾಗಿಲಿನಲ್ಲಿ ತಾಮ್ರಕ್ಕೆ ಏರಿದ ಮಾತನ್ನು ರಾಜನೂ ಅಳಿಸುವಂತಿರಲಿಲ್ಲ. ಹಕ್ಕು ಪಡೆದವನೇ ತಾನಾಗಿ ತಂದೊಪ್ಪಿಸಬೇಕು. ಸಿಂಗರಸನ ಮುತ್ತಜ್ಜ ಮಾಡಿಟ್ಟ ಕಟ್ಟಳೆ ಅದು.

ಆಸ್ಥಾನದಲ್ಲಿ ಓಲೆ ಓದುವ ಚೌಂಡಯ್ಯ ಇದನ್ನೆಲ್ಲ ಕೇಳಿಸಿಕೊಂಡು ಮೀಸೆಯೊಳಗೇ ನಕ್ಕಿದ್ದ. ತಿಂಗಳು ಕಳೆಯುವುದರೊಳಗೆ ನಗು ಹಾರಿಹೋಯಿತು. ಮೊದಲು ಸೇರು ಭತ್ತ ಸುರಿದರೆ ಸೇರು ಉಪ್ಪು ಸಿಗುತ್ತಿತ್ತು. ಈಗ ನಾಲ್ಕು ಸೇರು ಸುರಿಯಬೇಕು, ಸಿಕ್ಕ ಸೇರಿನಲ್ಲಿ ಕಾಲು ಪಾಲು ಮರಳು. ಬೇರೆ ಉಪ್ಪಿನವರು ಎತ್ತು ಹೊಡೆದುಕೊಂಡು ಬೇರೆ ಊರು ನೋಡಿಕೊಂಡಿದ್ದರು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಮಾಳವ್ವ ಬಂದು ಜಗಲಿಯ ಮೇಲೆ ಕುಸಿದು ಕುಳಿತಳು. ಉಪ್ಪಿನಕಾಯಿ ಹಾಕಿ ಮಾರುವುದೇ ಅವಳ ಬದುಕು.

"ಚೌಂಡಣ್ಣ, ಮಾವಿನ ಮಿಡಿ ಮರದ ಮೇಲೇ ಐತೆ. ಇನ್ನು ಆರು ದಿನ ಬಿಟ್ರೆ ಗೊರಟು ಬಲಿತದೆ, ಆಮೇಲೆ ದನಾನೂ ಮೂಸಲ್ಲ. ಸೆಟ್ಟರು ಕೇಳೋ ಭತ್ತ ಕೊಟ್ರೆ ವರ್ಷವೆಲ್ಲ ನನ್ನ ಮಕ್ಕಳು ಏನು ತಿನ್ನಬೇಕು?"

"ಸೆಟ್ಟರನ್ನೇ ಕೇಳಿದೆಯಾ?"

"ಕೇಳ್ದೆ. ಬೇಡವಾದ್ರೆ ಬೇರೆ ಅಂಗಡಿಗೆ ಹೋಗು ಅಂದ್ರು."

ಚೌಂಡಯ್ಯನಿಗೆ ಮೈ ಉರಿಯಿತು. "ಐದು ದಿನ ತಡಿ ಅಕ್ಕ," ಎಂದು ರುಮಾಲು ಸುತ್ತಿಕೊಂಡು ನೇರ ಅರಮನೆಗೆ ಹೋದ.

"ಮಹಾಪ್ರಭು, ನನಗೂ ಒಂದು ಹಕ್ಕು ಬೇಕು. ಊರಿನಲ್ಲಿ ಉಪ್ಪು ಕೊಳ್ಳುವ ಹಕ್ಕು ನನಗೊಬ್ಬನಿಗೇ ಇರಲಿ. ಬೇಕಾದವರು ನನ್ನ ಕೈಯಿಂದಲೇ ಒಯ್ಯಲಿ."

ಸಿಂಗರಸ ಹುಬ್ಬೇರಿಸಿದ. "ಇದರಿಂದ ಯಾರಿಗೇನು ಲಾಭ?"

"ನನಗೇ ಲಾಭ. ಸೆಟ್ಟರ ಸ್ವಾರ್ಥ ಊರಿಗೆ ತಾಯಿಯಾದರೆ ನನ್ನದು ಚಿಕ್ಕಮ್ಮನಾದರೂ ಆದೀತು."

ರಾಜ ಸೆಟ್ಟಿಯತ್ತ ನೋಡಿದ. ಸೆಟ್ಟಿ ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ದಿನವೂ ನೂರು ಹೆಂಗಸರ ಜೊತೆ ಗಂಟಲು ಹರಿದುಕೊಳ್ಳುವ ಬದಲು ಒಬ್ಬನೇ ಗಿರಾಕಿ. ಊರಿಗೆ ಉಪ್ಪು ಬೇಕೇ ಬೇಕು, ಇವನು ಕೊಳ್ಳದೆ ಎಲ್ಲಿ ಹೋಗುತ್ತಾನೆ? "ನನ್ನ ಅಡ್ಡಿಯೇನೂ ಇಲ್ಲ, ಈಗಲೇ ಕೊಟ್ಟುಬಿಡಿ," ಎಂದ.

ಎರಡನೆಯ ತಾಮ್ರದ ತಗಡೂ ಸಿದ್ಧವಾಯಿತು.

ಮರುದಿನ ಸೆಟ್ಟಿ ಕೊಳಗ ತೊಳೆದಿಟ್ಟುಕೊಂಡು ಕಾದ. ಚೌಂಡಯ್ಯ ಬರಲಿಲ್ಲ. ಎರಡನೆಯ ದಿನ ಬಂದ, ಒಂದು ಹರಳು ನಾಲಗೆಗೆ ಇಟ್ಟುಕೊಂಡು, "ಮರಳು ಚೆನ್ನಾಗಿದೆ, ಉಪ್ಪು ಸ್ವಲ್ಪ ಹೆಚ್ಚಾಯಿತು," ಎಂದು ಹೇಳಿ ಹೊರಟೇಬಿಟ್ಟ.

"ಏನು ಕೊಡುತ್ತೀರಿ, ಅದನ್ನಾದರೂ ಹೇಳಿ," ಎಂದು ಸೆಟ್ಟಿ ಕೂಗಿದ.

"ನಾಲ್ಕು ಸೇರು ಉಪ್ಪಿಗೆ ಒಂದು ಸೇರು ಭತ್ತ. ಬೇಡವಾದರೆ ಬೇರೆ ಗಿರಾಕಿಗೆ ಮಾರಿ ಸೆಟ್ಟರೇ."

ಊರಿನಲ್ಲಿದ್ದ ಉಪ್ಪಿನ ಮಡಕೆಗಳೆಲ್ಲ ತಳ ಕಂಡವು. ಮೂರನೆಯ ದಿನ ಚೌಂಡಯ್ಯನ ಹೆಂಡತಿ ಸಪ್ಪೆ ಸಾರನ್ನು ಅವನ ಮುಂದೆ ಕುಕ್ಕಿದಳು. "ಊರಿಗೆಲ್ಲ ಕೊಳ್ಳೋರು ನೀವೊಬ್ಬರೇ ಅಂತೆ. ಮನೇಲಿ ಒಂದು ಹಿಡಿ ಉಪ್ಪಿಲ್ಲ. ನಿಮ್ಮ ಹಕ್ಕನ್ನೇ ಕಲಸಿಕೊಂಡು ಉಣ್ಣಿ." ಚೌಂಡಯ್ಯ ಸಪ್ಪೆ ಸಾರನ್ನೇ ಕಲಸಿ ಉಂಡ. ಗೆಲ್ಲುವೆನೋ ಇಲ್ಲವೋ ಎಂಬ ಭಯ ಅವನಿಗೂ ಇತ್ತು. ಮಾಳವ್ವನ ಹಿತ್ತಲ ಮರದ ಮಿಡಿ ದಿನಕ್ಕಿಷ್ಟು ದಪ್ಪವಾಗುವುದು ಅವನ ಕಿಟಕಿಯಿಂದ ಕಾಣುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಆಕಾಶ ಕಪ್ಪಾಯಿತು. ಭರಣಿ ಮಳೆಯ ಮೋಡ. ಮಾರುವವನು ತಾನೊಬ್ಬನೇ ಎಂಬ ಹುಮ್ಮಸ್ಸಿನಲ್ಲಿ ಸೆಟ್ಟಿ ಕರಾವಳಿಯ ಉಪ್ಪನ್ನೆಲ್ಲ ಬಾಚಿ ತಂದಿದ್ದ. ಉಗ್ರಾಣ ಸಾಲದೆ ಅಂಗಳದಲ್ಲಿ ಹುಲ್ಲಿನ ಚಪ್ಪರದ ಕೆಳಗೆ ರಾಶಿ ಹಾಕಿದ್ದ. ಗುಡುಗು ಕೇಳಿದ ಕೂಡಲೇ ಚಪ್ಪಲಿ ಮರೆತು ಅರಮನೆಗೆ ಓಡಿದ.

ಅಲ್ಲಿ ಸಿಂಗರಸ ಸಪ್ಪೆ ಹುಳಿಯ ಮುಂದೆ ಮುಖ ಹುಳ್ಳಗೆ ಮಾಡಿಕೊಂಡು ಕುಳಿತಿದ್ದ. ಚೌಂಡಯ್ಯನಿಗೆ ಆಗಲೇ ಕರೆ ಹೋಗಿತ್ತು. ಅವನೂ ಬಂದು ನಿಂತ.

"ಮಹಾಪ್ರಭು, ನೀವೇ ನ್ಯಾಯ ಹೇಳಿ," ಎಂದು ಸೆಟ್ಟಿ ಅಂಗಲಾಚಿದ. "ಇಡೀ ಊರಿಗೆ ಕೊಳ್ಳುವವನು ಒಬ್ಬನೇ ಆದರೆ, ಅವನು ಹೇಳಿದ್ದೇ ಬೆಲೆಯಾದರೆ, ನನ್ನಂಥ ಬಡಪಾಯಿ ಎಲ್ಲಿಗೆ ಹೋಗಬೇಕು?"

ಚೌಂಡಯ್ಯ ಕೈ ಮುಗಿದ. "ಇದೇ ಪ್ರಶ್ನೆಯನ್ನು ಮಾಳವ್ವ ಒಂದು ತಿಂಗಳಿಂದ ಕೇಳುತ್ತಿದ್ದಾಳೆ ಸೆಟ್ಟರೇ. ಉತ್ತರ ಸಿಕ್ಕಿದರೆ ಅವಳಿಗೂ ಒಂದು ಮಾತು ಹೇಳಿ."

ಹೊರಗೆ ಇನ್ನೊಮ್ಮೆ ಗುಡುಗಿತು.

"ನಿಮ್ಮ ತಗಡು ರಾಜರ ಪಾದಕ್ಕಿಡಿ, ಅದರ ಮೇಲೆ ನನ್ನದಿಡುತ್ತೇನೆ," ಎಂದ ಚೌಂಡಯ್ಯ. ಸೆಟ್ಟಿ ಸೊಂಟದಿಂದ ತಗಡು ಎಳೆದ ರಭಸಕ್ಕೆ ಎಲೆಯಡಿಕೆ ಚೀಲವೂ ಜೊತೆಗೆ ಬಿತ್ತು. ಚೌಂಡಯ್ಯ ತನ್ನ ತಗಡನ್ನೂ ಅದರ ಮೇಲಿಟ್ಟ.

"ಹಾಗಾದರೆ ಸ್ವಾರ್ಥ ಊರನ್ನು ಸಾಕುತ್ತದೆ ಎಂದದ್ದು ಸುಳ್ಳೇ?" ಎಂದು ರಾಜ ಕೇಳಿದ.

"ಸುಳ್ಳಲ್ಲ ಮಹಾಪ್ರಭು. ಎದುರಿಗೆ ಇನ್ನೊಂದು ಅಂಗಡಿ ಇರಬೇಕು, ಅಷ್ಟೆ. ಸಂಜೆ ನೋಡುತ್ತಿರಿ."

ಎರಡೂ ಹಕ್ಕು ಬಿದ್ದುಹೋದ ಸುದ್ದಿ ಹಬ್ಬಿತು. ಹಳೆಯ ಉಪ್ಪಿನವರು ನಾಳೆಯೋ ನಾಡಿದ್ದೋ ಬರುತ್ತಾರೆಂದೂ ಹಬ್ಬಿತು. ತಲೆಯ ಮೇಲೆ ಮೋಡ ಬೇರೆ. ಸಂಜೆಯ ಹೊತ್ತಿಗೆ ಸೆಟ್ಟಿ ಸೇರು ಭತ್ತಕ್ಕೆ ಎರಡು ಸೇರು ಉಪ್ಪು ಅಳೆಯುತ್ತಿದ್ದ, ಅದೂ ಜರಡಿ ಹಿಡಿದು. ಮಾಳವ್ವ ಎರಡು ಬುಟ್ಟಿ ಹೊತ್ತು ಹೋದಳು. ಐದನೆಯ ದಿನ ಮಿಡಿ ಭರಣಿ ಸೇರಿತು.

ತಿಂಗಳ ಮೇಲೆ ಸಿಂಗರಸ ಮೊಸರನ್ನದ ಜೊತೆ ಆ ಮಿಡಿ ಕಚ್ಚಿ ಕಣ್ಣು ಮುಚ್ಚಿಕೊಂಡ. "ಮಾಳವ್ವ ಅರಮನೆಗೆ ಇದನ್ನು ಭಕ್ತಿಯಿಂದ ಕೊಟ್ಟಳೇ?"

"ಇಲ್ಲ, ಭತ್ತ ಅಳೆಸಿಕೊಂಡೇ ಕೊಟ್ಟಳು," ಎಂದು ಪಕ್ಕದಲ್ಲಿದ್ದ ಚೌಂಡಯ್ಯ ಹೇಳಿದ. "ಅವಳ ಎದುರುಮನೆಯ ನಾದಿನಿಯೂ ಉಪ್ಪಿನಕಾಯಿ ಶುರು ಮಾಡಿದ್ದಾಳೆ. ಅದಕ್ಕೇ ಈ ಸಲ ಇಷ್ಟು ರುಚಿ."

ರಾಜ ಬಿದ್ದು ಬಿದ್ದು ನಕ್ಕ. "ನಿನಗೇನು ಕೊಡಲಿ ಹೇಳು. ಆ ಎರಡು ತಗಡುಗಳನ್ನಂತೂ ಎಲ್ಲಿಡುವುದೋ ತಿಳಿಯುತ್ತಿಲ್ಲ."

"ಕರಗಿಸಿ ಒಂದು ತಂಬಿಗೆ ಮಾಡಿಸಿಕೊಡಿ, ಸೆಟ್ಟರ ಅಂಗಡಿ ಮುಂದಿನ ಅರವಟ್ಟಿಗೆಯಲ್ಲಿಡೋಣ," ಎಂದ ಚೌಂಡಯ್ಯ. "ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಸೆಟ್ಟರಿಗೇ ಮೊದಲ ತಂಬಿಗೆ."