ಚೆನ್ನವ್ವನ ಆರನೆಯ ಹಲ್ಲು

ಮಕ್ಕಳೇ, ನಿಮ್ಮ ಹಾಲುಹಲ್ಲು ಬಿದ್ದರೆ ಇನ್ನೊಂದು ಬರುತ್ತದೆ. ಅದೂ ಹೋದರೆ ಮುಗಿಯಿತು. ಆನೆಗೆ ಹಾಗಲ್ಲ. ಅದರ ದವಡೆಹಲ್ಲು ಇಟ್ಟಿಗೆಯಷ್ಟು ದೊಡ್ಡದು. ಒಂದು ಸವೆದರೆ ಹಿಂದಿನಿಂದ ಇನ್ನೊಂದು ತಳ್ಳಿಕೊಂಡು ಬರುತ್ತದೆ. ಹೀಗೆ ಆರು ಸಲ. ಆರನೆಯದೂ ಸವೆದ ಮೇಲೆ ಮತ್ತೆ ಬರುವುದಿಲ್ಲ, ಎಷ್ಟೇ ಕಾದರೂ ಬರುವುದಿಲ್ಲ.

ಬಿದಿರು ತುಂಬಿದ ಒಂದು ಕಾಡಿನಲ್ಲಿ ಚೆನ್ನವ್ವ ಎಂಬ ಆನೆ ಇದ್ದಳು. ನಲವತ್ತು ವರ್ಷದಿಂದ ಹಿಂಡಿಗೆ ಅವಳೇ ಹಿರಿಯಳು. ಹಿಂಡಿನಲ್ಲಿ ಅವಳ ತಂಗಿಯರಿಬ್ಬರು, ಮಗಳು ಹೊನ್ನಿ, ಹೊನ್ನಿಯ ಒಂದು ತಿಂಗಳ ಹೆಣ್ಣುಮರಿ ಇದ್ದರು. ಬೇಸಿಗೆ ಬಂತೆಂದರೆ ಇವರೆಲ್ಲ ಗುಡ್ಡ ಹತ್ತಿ ಆಚೆ ಇರುವ ಕಲ್ಲುಮಡುವಿಗೆ ಹೋಗಬೇಕು. ಉಳಿದ ನೀರೆಲ್ಲ ಬತ್ತಿದರೂ ಆ ಮಡುವಿನ ನೀರು ಬತ್ತುವುದಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಚೆನ್ನವ್ವನೊಬ್ಬಳಿಗೇ ಗೊತ್ತು. ಉಳಿದವರು ಅವಳ ಬೆನ್ನು ನೋಡಿಕೊಂಡು ನಡೆದವರೇ ಹೊರತು ದಾರಿ ಗುರುತಿಟ್ಟವರಲ್ಲ.

ಹಿಂಡಿನ ಹಿಂದೆ ಹಾರಿಕೊಂಡು ಬರುವವನು ಇನ್ನೊಬ್ಬನಿದ್ದ. ಹೆಸರು ಉಂಡೆಯಪ್ಪ. ಆನೆ ಹಾಕಿದ ಲದ್ದಿಯನ್ನು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುವ ಕರಿಹುಳು ಅವನು. ನಗಬೇಡಿ! ಒಬ್ಬೊಬ್ಬರದು ಒಂದೊಂದು ಕಸುಬು. ಅವನು ತನ್ನ ಕಸುಬಿನಲ್ಲಿ ಬಹಳ ಶಿಸ್ತಿನವನು.

ಆ ವರ್ಷ ಮಾಘ ಕಳೆಯುವ ಹೊತ್ತಿಗೇ ಹಳ್ಳ ಬತ್ತಿತು. ಹಿಂಡು ಗುಡ್ಡದ ಬುಡದ ಹಡ್ಲಿಗೆ ಬಂತು. ಹಡ್ಲು ಎಂದರೆ ವರ್ಷವಿಡೀ ಒದ್ದೆಯಾಗಿರುವ ತಗ್ಗುಜಾಗ. ಹುಲ್ಲು ಮೆತ್ತಗೆ ಸೊಂಪಾಗಿ ಬೆಳೆದಿರುತ್ತದೆ. ನೀರು ಮಾತ್ರ ಒಂದಿಬ್ಬರಿಗೆ ಸಾಕಾಗುವಷ್ಟೇ.

"ಅವ್ವಾ, ನೀನು ತುಂಬಾ ಇಳಿದುಹೋಗಿದ್ದೀಯ. ಎರಡು ದಿನ ಇಲ್ಲೇ ಇದ್ದು ಈ ಹುಲ್ಲು ತಿನ್ನು. ಆಮೇಲೆ ಹೊರಡೋಣ" ಎಂದಳು ಹೊನ್ನಿ.

"ಈ ಹುಲ್ಲೇ? ಇದು ಹಲ್ಲು ಹೋದ ಮುದುಕಿಯರು ತಿನ್ನೋದು. ನನಗೇನಾಗಿದೆ?" ಎಂದ ಚೆನ್ನವ್ವ ಒಂದು ಬಿದಿರನ್ನು ಲಟಕ್ಕನೆ ಮುರಿದು, ಎಲ್ಲರಿಗೂ ಕೇಳುವಂತೆ ಕಟಕಟ ಅಗಿದಳು.

"ಹಾಗಾದರೆ ಮಡುವಿನ ದಾರಿಯಾದರೂ ಹೇಳಿಕೊಡವ್ವಾ. ನನಗೂ ಗೊತ್ತಿರಲಿ."

"ನಾನು ಮುಂದೆ ನಡೆಯುವಾಗ ನಿನಗೆ ದಾರಿ ಯಾಕೆ? ಸುಮ್ಮನೆ ಹಿಂದೆ ಬಾ."

ಹೊನ್ನಿ ಮರಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳಿಗೆ ಬೇಜಾರಾಯಿತು, ನಿಜ. ಆದರೆ ಅವ್ವನ ಎದುರು ಮಾತು ಬೆಳೆಸುವ ರೂಢಿ ಆ ಹಿಂಡಿನಲ್ಲಿ ಇರಲಿಲ್ಲ.

ಮಧ್ಯಾಹ್ನ ಉಳಿದವರು ನೆರಳಿಗೆ ಹೋದಾಗ ಉಂಡೆಯಪ್ಪ ಚೆನ್ನವ್ವನ ಕಾಲಬಳಿ ಬಂದ.

"ದೊಡ್ಡವ್ವಾ, ಹೇಳಬಾರದು, ಆದರೂ ಹೇಳ್ತೀನಿ. ಎರಡು ತಿಂಗಳಿಂದ ನಿನ್ನ ಲದ್ದಿಯಲ್ಲಿ ಉಂಡೆ ಕಟ್ಟೋಕೆ ಆಗ್ತಿಲ್ಲ. ಬಿದಿರು ಸೀಳು ಸೀಳಾಗಿ ಹಾಗೇ ಬರ್ತಿದೆ, ಎಲೆ ಎಲೆಯಾಗೇ ಬರ್ತಿದೆ. ನೀನು ತಿಂದದ್ದು ನಿನಗೆ ದಕ್ಕುತ್ತಿಲ್ಲ. ಆರನೆಯ ಹಲ್ಲು ಸವೆದಿದೆ, ಅಲ್ವಾ?"

ಚೆನ್ನವ್ವನ ಕಿವಿ ಎರಡೂ ನೆಟ್ಟಗಾದವು. "ಲದ್ದಿ ಉರುಳಿಸೋನು ನನಗೆ ಬುದ್ಧಿ ಹೇಳ್ತೀಯಾ? ಈ ಮಾತು ಇನ್ನೊಬ್ಬರ ಕಿವಿಗೆ ಬಿದ್ದರೆ ಹೊಸಕಿಹಾಕಿಬಿಡ್ತೀನಿ!"

ಪಾಪ, ಅವನು ಒಂದು ಹೆಬ್ಬೆರಳಿನಷ್ಟಿದ್ದವನು. ಬಾಯಿ ಮುಚ್ಚಿಕೊಂಡು ಹಿಂದೆ ಸರಿದ.

ಅಂದೇ ಸಂಜೆ ಚೆನ್ನವ್ವ ಹಿಂಡನ್ನು ಹೊರಡಿಸಿದಳು. ಮೊದಲ ದಿನ ನಡೆದಳು. ಎರಡನೆಯ ದಿನ ಏದುಸಿರು ಬಂತು. "ಕಾಡು ಹೇಗೆ ಕಾಣುತ್ತೆ ಅಂತ ನೋಡ್ತಿದ್ದೀನಿ" ಎಂದು ನೆಪ ಹೇಳಿ ಅಲ್ಲಲ್ಲಿ ನಿಂತಳು. ಮೂರನೆಯ ದಿನ ಏರಿನ ನಡುವೆ ಅವಳ ಮುಂಗಾಲು ಮಡಚಿಕೊಂಡಿತು. ಆ ದೊಡ್ಡ ದೇಹ ಧೊಪ್ಪನೆ ಕುಸಿಯಿತು.

ಬಿದ್ದವರನ್ನು ಬಿಟ್ಟುಹೋಗುವುದು ಆನೆಗಳಿಗೆ ಗೊತ್ತಿಲ್ಲ. ಎಲ್ಲರೂ ಅವಳ ಸುತ್ತ ನಿಂತು ಮೈಗೆ ನೆರಳು ಮಾಡಿದರು. ತಂಗಿಯರು ಎತ್ತಲು ನೋಡಿದರು. ಎತ್ತುತ್ತಿದ್ದಂತೆ ಅವಳು "ಬೇಡ" ಎಂದು ಅವರನ್ನು ದೂಡಿ ಮತ್ತೆ ಕುಸಿದಳು.

"ಏನಾಯ್ತಕ್ಕಾ? ಎಲ್ಲಿ ನೋವು?"

"ಕಾಲು ಜಾರಿತು, ಅಷ್ಟೇ. ಇನ್ನೊಂದು ಗಳಿಗೆ, ಏಳ್ತೀನಿ."

ಆ ಗಳಿಗೆ ಬರಲೇ ಇಲ್ಲ. ಒಂದು ಹಗಲು ಪೂರ್ತಿ ಹೋಯಿತು. ಹಿಂದಿನ ನೀರು ಎರಡು ದಿನದ ಹಾದಿ. ಮುಂದಿನ ನೀರು ಎಲ್ಲಿದೆಯೋ ಬಿದ್ದವಳಿಗೆ ಮಾತ್ರ ಗೊತ್ತು. ಮಾರನೆಯ ಬೆಳಿಗ್ಗೆ ಮರಿ ತಾಯಿಯ ಮೊಲೆಗೆ ಬಾಯಿ ಹಾಕಿತು. ಹಾಲಿಲ್ಲ. ಇನ್ನೊಂದು ಕಡೆ ಬಂದು ಬಾಯಿ ಹಾಕಿತು. ಅಲ್ಲೂ ಇಲ್ಲ. ಕೂಗುವ ಶಕ್ತಿಯೂ ಇಲ್ಲದೆ ತಾಯಿಯ ಕಾಲಿಗೆ ಒರಗಿ ನಿಂತಿತು.

ಉಂಡೆಯಪ್ಪನಿಗೆ ತಡೆಯಲಾಗಲಿಲ್ಲ. ಹಾರಿಬಂದು ಹೊನ್ನಿಯ ಎದುರಿನ ಕಲ್ಲಿನ ಮೇಲೆ ಕೂತ.

"ಹೊಸಕಿದರೆ ಹೊಸಕಲಿ. ಹೊನ್ನಕ್ಕಾ, ಅಲ್ಲಿ ಬಿದ್ದಿರೋ ನಿನ್ನ ಅವ್ವನ ಲದ್ದಿಯನ್ನು ಕಾಲಿನಿಂದ ಒಡೆದು ನೋಡು."

ಹೊನ್ನಿ ಒಡೆದು ನೋಡಿದಳು. ಒಳಗೆ ಬಿದಿರು ಸೀಳುಗಳು ಅಗಿಯದೆ ಹಾಗೇ ಇದ್ದವು. ಅವಳು ನಿಧಾನವಾಗಿ ಅವ್ವನ ಬಳಿ ಬಂದು, ಸೊಂಡಿಲಿನಿಂದ ಅವಳ ಬಾಯೊಳಗೆ ಮುಟ್ಟಿದಳು. ಹಲ್ಲಿರಬೇಕಾದ ಕಡೆ ನುಣುಪಾದ ತುಂಡೊಂದು ಇತ್ತು, ಬೇರೇನೂ ಇರಲಿಲ್ಲ.

"ಎಷ್ಟು ದಿನದಿಂದ ಅವ್ವಾ?"

ಚೆನ್ನವ್ವ ಕಣ್ಣು ಮುಚ್ಚಿಕೊಂಡಳು.

"ಕಟಕಟ ಅಗೀತಿದ್ದೆಯಲ್ಲ, ಅದೆಲ್ಲ ನಮಗೆ ತೋರಿಸೋಕೆ? ಯಾಕವ್ವಾ? ನಾವು ಯಾರಾದರೂ ಹೊರಗಿನವರಾ?" ಹೊನ್ನಿ ಮರಿಯನ್ನು ಅವಳ ಎದುರಿಗೆ ತಂದಳು. "ನನ್ನ ಮಗು ನೋಡು."

ಚೆನ್ನವ್ವ ನೋಡಿದಳು. ನೋಡಿದ ಕೂಡಲೇ ಅವಳಿಗೆ ತನ್ನ ತಾಯಿ ನೆನಪಾದಳು. ಆ ತಾಯಿಯೂ ಹೀಗೇ ಹಲ್ಲು ಹೋದದ್ದನ್ನು ಮುಚ್ಚಿಟ್ಟಿದ್ದಳು. ಹೀಗೇ ನಡುದಾರಿಯಲ್ಲಿ ಬಿದ್ದು, ದಾರಿ ಹೇಳದೆ ಕಣ್ಣು ಮುಚ್ಚಿದ್ದಳು. ಆಗ ಚೆನ್ನವ್ವ ಹಿಂಡನ್ನು ಕಟ್ಟಿಕೊಂಡು ಒಂಬತ್ತು ದಿನ ಗುಡ್ಡ ಸುತ್ತಿ ಕೊನೆಗೆ ಮಡುವನ್ನು ಕಂಡಿದ್ದಳು. ಒಂಬತ್ತನೆಯ ದಿನದ ಹೊತ್ತಿಗೆ ಅವಳ ಪುಟ್ಟ ತಮ್ಮ ಬದುಕಿರಲಿಲ್ಲ. 'ನಾನು ಹೀಗೆ ಮಾಡಬಾರದು' ಎಂದು ಅಂದು ಅತ್ತವಳು ಇವಳೇ.

"ತಪ್ಪು ಮಾಡಿದೆ ಮಗಳೇ" ಎಂದಳು ಚೆನ್ನವ್ವ. "ಹಲ್ಲು ಹೋಯಿತು ಅಂದರೆ ನೀವು ನನ್ನನ್ನು ಹಿಂದೆ ನಿಲ್ಲಿಸ್ತೀರಿ ಅಂತ ಹೆದರಿದ್ದೆ. ಹತ್ತಿರ ಬಾ, ಸರಿಯಾಗಿ ಕೇಳಿಸ್ಕೋ. ಈ ಏರು ಮುಗಿದ ಮೇಲೆ ಒಂದು ಸೀಳುಬಂಡೆ ಸಿಗುತ್ತೆ. ಅದರ ಎಡಕ್ಕೆ ತಿರುಗು. ಜೋಡಿ ಮತ್ತಿಮರ ಕಂಡರೆ ಅವುಗಳ ನಡುವೆ ಇಳಿ. ಈಗ ಹೊರಟರೆ ಸಂಜೆಗೆ ನೀರು."

"ನಿನ್ನನ್ನು ಬಿಟ್ಟು ಹೇಗೆ ಹೋಗಲಿ?"

ಚೆನ್ನವ್ವನ ದೊಡ್ಡ ತಂಗಿ ಮುಂದೆ ಬಂದಳು. "ನೀನು ಮರಿಯನ್ನು ಕರ್ಕೊಂಡು ನನ್ನ ತಂಗಿಯ ಜೊತೆ ಹೋಗು. ಅಕ್ಕನನ್ನು ನಾನು ಹಡ್ಲಿಗೆ ಇಳಿಸ್ತೀನಿ. ಇಳಿಜಾರು, ನಾನು ಒತ್ತು ಕೊಟ್ಟರೆ ನಡೀತಾಳೆ. ಅಲ್ಲಿ ನೀರು ಇಬ್ಬರಿಗೆ ಸಾಕು."

ಎಲ್ಲರೂ ಸೇರಿ ಎತ್ತಿದಾಗ ಚೆನ್ನವ್ವ ಈ ಸಲ ಬೇಡ ಎನ್ನಲಿಲ್ಲ. ತಂಗಿಯ ಮೈಗೆ ತನ್ನ ಭಾರ ಹಾಕಿ, ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಂಡು ಕೆಳಗೆ ಇಳಿದಳು. ಹಡ್ಲು ಸೇರಿದ ಮೇಲೆ ಮೊದಲ ಹಿಡಿ ಹುಲ್ಲನ್ನು ಬಾಯಿಗಿಟ್ಟಾಗ ಅವಳಿಗೆ ಅಳು ಬಂತು. ಅಳುತ್ತಲೇ ತಿಂದಳು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ, ನಡುವೆ ನೆರಳಿನಲ್ಲಿ ವಿಶ್ರಾಂತಿ. ಹದಿನೈದು ದಿನದ ಮೇಲೆ ಉಂಡೆಯಪ್ಪ ದುಂಡನೆಯ ಉಂಡೆಯೊಂದನ್ನು ಉರುಳಿಸಿಕೊಂಡು ಅವಳ ಎದುರಿಗೇ ಹಾದುಹೋದ.

"ಈಗ ಸರಿಹೋಯಿತು ನೋಡು ದೊಡ್ಡವ್ವಾ!"

"ನಡಿಯೋ, ನಿನ್ನ ಕೆಲಸ ನೋಡ್ಕೋ" ಎಂದಳು ಚೆನ್ನವ್ವ. ಆದರೆ ಅವನ ದಾರಿಗೆ ಅಡ್ಡವಾಗಿದ್ದ ಕಡ್ಡಿಯನ್ನು ಸೊಂಡಿಲಿನಿಂದ ಸರಿಸಿದಳು.

ಮಳೆ ಬಿದ್ದ ಮೇಲೆ ಹಿಂಡು ಇಳಿದು ಬಂತು. ಮರಿ ಗುಂಡುಗುಂಡಾಗಿತ್ತು.

"ಅವ್ವಾ, ಮತ್ತಿಮರ ದಾಟಿದ ಮೇಲೆ ದಾರಿ ಎರಡಾಗುತ್ತೆ. ಅದನ್ನು ನೀನು ಹೇಳಲೇ ಇಲ್ಲ."

"ಅಯ್ಯೋ, ಮರೆತೇಬಿಟ್ಟೆ! ಏನು ಮಾಡಿದೆ?"

"ನಿಂತು ಗಾಳಿ ಮೂಸಿದೆ. ಬಲಗಡೆಯಿಂದ ನೀರಿನ ವಾಸನೆ ಬಂತು. ಹೋದೆ."

ಮಗಳು ತಾನಿಲ್ಲದೆಯೂ ನಡೆಯಬಲ್ಲಳು ಎಂದು ತಿಳಿದು ಚೆನ್ನವ್ವನಿಗೆ ನೋವೂ ಆಯಿತು, ನೆಮ್ಮದಿಯೂ ಆಯಿತು.

ಹಿಂಡು ಮತ್ತೆ ಕಾಡಿನೊಳಕ್ಕೆ ಹೊರಟಾಗ, ಅಭ್ಯಾಸಬಲದಿಂದ ಚೆನ್ನವ್ವ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಆಮೇಲೆ ನೆನಪಾಗಿ ಪಕ್ಕಕ್ಕೆ ಸರಿದು, "ನೀನು ಮುಂದೆ ನಡಿ, ಹೊನ್ನಿ" ಎಂದಳು.

ಹೊನ್ನಿ ಮುಂದೆ ನಡೆದಳು. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದೆ ಅವ್ವನ ಉಸಿರಿಗೆ ಕಿವಿಗೊಟ್ಟಳು. ತನ್ನ ನಡಿಗೆಯನ್ನು ನಿಧಾನ ಮಾಡಿದಳು. ಅಂದಿನಿಂದ ಆ ಹಿಂಡು ನಿಧಾನವಾಗಿಯೇ ನಡೆಯುತ್ತದೆ, ಮತ್ತು ದಾರಿ ಈಗ ಎಲ್ಲರಿಗೂ ಗೊತ್ತು.

ನೀತಿ: ವಯಸ್ಸಿನಿಂದ ಮೈಯಲ್ಲಾದ ಬದಲಾವಣೆಯನ್ನು ಮುಚ್ಚಿಟ್ಟರೆ ಅದರ ಕಷ್ಟ ನಮ್ಮವರೆಲ್ಲರಿಗೂ ತಟ್ಟುತ್ತದೆ, ಅದನ್ನು ಒಪ್ಪಿ, ಹೇಳಿಕೊಂಡು, ಅದಕ್ಕೆ ತಕ್ಕಂತೆ ಊಟವನ್ನೂ ನಡೆಯನ್ನೂ ಬದಲಿಸಿಕೊಂಡವರು ತಾವೂ ಉಳಿಯುತ್ತಾರೆ, ತಮ್ಮವರನ್ನೂ ಉಳಿಸುತ್ತಾರೆ.